ಮೂರನೇ ಬೇಸ್ ತುಳಿಯದೆ ಓಡಿದರೂ ಅಂಪೈರ್ ಯಾಕೆ ಸುಮ್ಮನಿದ್ದರು?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಹನ್ನೊಂದು ವರ್ಷದ ಮಗ ಲಿಟಲ್ ಲೀಗ್ ಅನ್ನುವ ಮಕ್ಕಳ ಬೇಸ್‌ಬಾಲ್ ಆಡುತ್ತಾನೆ. ನಾನು ಮೈಸೂರಿನಲ್ಲಿ ಕ್ರಿಕೆಟ್ ನೋಡಿಕೊಂಡು ಬೆಳೆದವಳು. ಈ ಆಟ ಅರ್ಥವಾಗುವುದಕ್ಕೇ ಎರಡು ವರ್ಷ ಹಿಡಿಯಿತು. ಬ್ಯಾಟ್ ಮಾಡಿದವನು ಮೂರು ಬೇಸ್‌ಗಳನ್ನು ಒಂದಾದ ಮೇಲೊಂದು ಮುಟ್ಟಿ, ಹೊರಟ ಜಾಗವಾದ ಹೋಮ್‌ಗೆ ವಾಪಸ್ ಬಂದರೆ ಒಂದು ರನ್ ಅನ್ನುವಷ್ಟು ಗೊತ್ತು. ಹೋದ ಶನಿವಾರದ ಮ್ಯಾಚಿನಲ್ಲಿ ಎದುರು ತಂಡದ ಹುಡುಗನೊಬ್ಬ ಮೂರನೇ ಬೇಸ್ ತುಳಿಯದೆ ಹೋಮ್‌ಗೆ ಓಡಿದ. ಅಂಪೈರ್ ಅಲ್ಲೇ ನೋಡುತ್ತಿದ್ದರು, ಏನೂ ಹೇಳಲಿಲ್ಲ, ರನ್ ಕೊಟ್ಟರು. ಆಮೇಲೆ ನನ್ನ ಮಗ ಎರಡನೇ ಬೇಸ್‌ನಿಂದ ಮೂರನೆಯದಕ್ಕೆ ಓಡುವಾಗ, ಚೆಂಡು ಹಿಡಿದು ಟ್ಯಾಗ್ ಮಾಡಲು (ಮೈಗೆ ಮುಟ್ಟಿಸಿ ಔಟ್ ಮಾಡಲು) ಬಂದ ಹುಡುಗನಿಂದ ತಪ್ಪಿಸಿಕೊಂಡು ಹುಲ್ಲಿನ ಕಡೆಗೆ ಸುತ್ತಿ ಓಡಿದ. ಔಟ್ ಕೊಟ್ಟರು. ಹಿಂದಿನ ವಾರ ಇನ್ನೊಬ್ಬ ಅದಕ್ಕಿಂತ ಜಾಸ್ತಿ ಸುತ್ತಿ ಓಡಿದ್ದ, ಅವನಿಗೆ ಏನೂ ಇಲ್ಲ. ಕೊನೆಗೆ ಮೊದಲ ಬೇಸ್‌ನಲ್ಲಿ ರನ್ನರ್ ಕಾಲು, ಚೆಂಡು ಎರಡೂ ಒಟ್ಟಿಗೇ ಬಂದವು. "ಟೈ ಆದರೆ ರನ್ನರ್ ಸೇಫ್" ಅಂತ ನಮ್ಮೆಜಮಾನರು ಕೂಗಿದರು. ಅಂಪೈರ್ ಔಟ್ ಅಂದರು. ಓಟದ ನಿಯಮಗಳನ್ನು ಅಂಪೈರ್‌ಗಳು ಹೇಗೆ ನೋಡುತ್ತಾರೆ? ಅವರವರ ಮನಸ್ಸಿಗೆ ಬಂದ ಹಾಗಾ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ನಿಮಗೆ ಸ್ವಲ್ಪ ಬೇಜಾರಾಗಬಹುದು. ನೀವು ಬರೆದ ಹಾಗೇ ನಡೆದಿದ್ದರೆ ಆ ಅಂಪೈರ್ ಮೊದಲ ಎರಡನ್ನೂ ಸರಿಯಾಗಿಯೇ ಮಾಡಿದ್ದಾರೆ. ಮೂರನೆಯದು ಬೇಸ್ ಹತ್ತಿರ ನಿಂತವರಿಗೇ ಗೊತ್ತು. ನಾನೂ ಹತ್ತು ಹನ್ನೆರಡು ವರ್ಷದಿಂದ ಶನಿವಾರ, ಭಾನುವಾರ ಮಕ್ಕಳ ಮ್ಯಾಚಿಗೆ ಅಂಪೈರ್ ಆಗಿ ನಿಲ್ಲುತ್ತಿದ್ದೇನೆ. "ಇವನಿಗೆ ಕಣ್ಣು ಕಾಣಲ್ವಾ" ಅನ್ನುವ ಮಾತನ್ನು ನಾಲ್ಕಾರು ಭಾಷೆಯಲ್ಲಿ ಕೇಳಿದ್ದೇನೆ. ಒಮ್ಮೆ ಅಚ್ಚ ಕನ್ನಡದಲ್ಲೂ ಕೇಳಿಸಿತು. ನನಗೆ ಅರ್ಥವಾಯಿತು ಅಂತ ಹೇಳಿದವರಿಗೆ ಗೊತ್ತಾಗಲಿಲ್ಲ. ನಾನೂ ಹೇಳಲಿಲ್ಲ.

ಅಂಪೈರ್ ಅಂದರೆ ಕೈ ಚಾಚಿ ಸೇಫ್ ಅನ್ನುವವರು, ಮುಷ್ಟಿ ಎತ್ತಿ ಔಟ್ ಅನ್ನುವವರು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ನಿಜ ಹೇಳಬೇಕೆಂದರೆ ಬೇಸ್ ಓಟದಲ್ಲಿ ಅರ್ಧ ಕೆಲಸ ಕಂಡದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಸುಮ್ಮನಿರುವುದೇ. ಹೊಸಬರಿಗೆ ಅದೇ ಕಷ್ಟ.

ಮೂರನೇ ಬೇಸ್ ಬಿಟ್ಟು ಓಡಿದ ಹುಡುಗನ ವಿಷಯಕ್ಕೆ ಬರೋಣ. ಬೇಸ್ ತುಳಿಯದೆ ಹೋದವನು ತಾನಾಗಿ ಔಟ್ ಆಗುವುದಿಲ್ಲ. ಎದುರು ತಂಡದವರು ಕೇಳಬೇಕು. ಕ್ರಿಕೆಟ್‌ನಲ್ಲಿ ಚೆಂಡು ಬ್ಯಾಟಿಗೆ ಸವರಿ ಕೀಪರ್ ಕೈ ಸೇರಿದರೂ ಯಾರೂ ಅಪೀಲ್ ಮಾಡದಿದ್ದರೆ ಅಂಪೈರ್ ಬೆರಳು ಎತ್ತುವಂತಿಲ್ಲ, ಅಲ್ವಾ? ಇದೂ ಹಾಗೇ. ಹೆಸರೂ ಅದೇ, ಅಪೀಲ್. ಕ್ಯಾಚ್ ಹಿಡಿಯುವ ಮೊದಲೇ ಬೇಸ್ ಬಿಟ್ಟು ಓಡಿದವನಿಗೂ ಇದೇ ಲೆಕ್ಕ. ಕೇಳಿದರೆ ಔಟ್. ಕೇಳದಿದ್ದರೆ ಅವನು ಮಾಡಿದ ರನ್ ರನ್ನೇ.

ಯಾಕೆ ಹೀಗೆ? ರನ್ನರ್ ಕಾಲು ಬೇಸ್ ಮೇಲೆ ಬಿತ್ತೋ ಇಲ್ಲವೋ ನೋಡುತ್ತಿರುವುದು ಎದುರು ತಂಡದ ಕೆಲಸವೂ ಹೌದು. ಅಂಪೈರ್ ಮೊದಲೇ ಬಾಯಿ ಬಿಟ್ಟರೆ ಒಂದು ತಂಡದ ಪರ ಕೆಲಸ ಮಾಡಿದ ಹಾಗಾಯಿತು. ನಾನು ಮೊದಲ ವರ್ಷ ಇದೇ ತಪ್ಪು ಮಾಡಿದ್ದೆ. ಒಬ್ಬ ಹುಡುಗ ಎರಡನೇ ಬೇಸ್ ಸುತ್ತುವಾಗ ಅವನ ಶೂ ಬೇಸ್‌ನಿಂದ ನಾಲ್ಕು ಬೆರಳು ಆಚೆ ಬಿತ್ತು. ಧೂಳು ಎದ್ದಿದ್ದೂ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಾಯಿಂದ ತಾನಾಗಿ "ಅಯ್ಯೋ" ಅಂತ ಬಂತು. ಅಷ್ಟೇ. ಎರಡನೇ ಬೇಸ್ ಕಾಯುತ್ತಿದ್ದ ಹುಡುಗ ನನ್ನ ಮುಖ ನೋಡಿದ, ಬೇಸ್ ನೋಡಿದ, ಚೆಂಡು ತರಿಸಿಕೊಂಡು ತುಳಿದ, ಅಪೀಲ್ ಮಾಡಿದ. ನಾನು ಔಟ್ ಕೊಡಲೇಬೇಕಾಯಿತು. ಮ್ಯಾಚ್ ಮುಗಿದ ಮೇಲೆ ಜೊತೆಗಿದ್ದ ಹಿರಿಯ ಅಂಪೈರ್ ಪಾರ್ಕಿಂಗ್‌ನಲ್ಲಿ ನನ್ನನ್ನು ನಿಲ್ಲಿಸಿ, "ಆ ಔಟ್ ನಿಂದು, ಆ ಹುಡುಗಂದಲ್ಲ" ಅಂದರು. ಮನೆಗೆ ಬಂದ ಮೇಲೂ ಊಟ ಸೇರಲಿಲ್ಲ.

ಹೋಮ್ ಪ್ಲೇಟಿನಲ್ಲಿ ಇದು ಇನ್ನೂ ಮಜವಾಗಿರುತ್ತದೆ. ರನ್ನರ್ ಜಾರಿಕೊಂಡು ಬರುತ್ತಾನೆ, ಪ್ಲೇಟ್ ಮುಟ್ಟುವುದಿಲ್ಲ. ಕ್ಯಾಚರ್ (ಪ್ಲೇಟ್ ಹಿಂದೆ ಕೂರುವ ಕೀಪರ್) ಟ್ಯಾಗ್ ಮಾಡಲು ಹೋಗಿ ಅವನೂ ತಪ್ಪುತ್ತಾನೆ. ಆಗ ಅಂಪೈರ್ ಸೇಫ್ ಅಂತಲೂ ತೋರಿಸಬಾರದು, ಔಟ್ ಅಂತಲೂ ತೋರಿಸಬಾರದು. ಕಂಬದ ಹಾಗೆ ನಿಂತಿರಬೇಕು. ಜನ ಬಾಯಿ ಬಡಿದುಕೊಳ್ಳುತ್ತಾರೆ. ಅನುಭವ ಇರುವ ಕ್ಯಾಚರ್‌ಗೆ ಮಾತ್ರ ಆ ಮೌನದ ಅರ್ಥ ತಕ್ಷಣ ಗೊತ್ತಾಗಿ ಓಡಿಹೋಗಿ ಟ್ಯಾಗ್ ಮಾಡುತ್ತಾನೆ. ರನ್ನರ್ ಚುರುಕಾಗಿದ್ದರೆ ಅವನೂ ತೆವಳಿಕೊಂಡು ಪ್ಲೇಟ್ ಕಡೆ ಬರುತ್ತಾನೆ.

ಕೇಳಿದ ಮೇಲೆ ಕೊಡುವುದಕ್ಕೂ ಅಂಪೈರ್ ನೋಡಿರಬೇಕಲ್ಲ. ಇದರ ಮೇಲೆ ಬೇಸ್‌ಬಾಲ್‌ನಲ್ಲಿ ನೂರು ವರ್ಷಕ್ಕೂ ಹಳೆಯ ಒಂದು ಜಗಳವಿದೆ. ನನಗೆ ಬಹಳ ಇಷ್ಟವಾದದ್ದು, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

1908ರ ಸೆಪ್ಟೆಂಬರ್ 23. ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್. ಜಯಂಟ್ಸ್ ಮತ್ತು ಷಿಕಾಗೋ ಕಬ್ಸ್ ಮ್ಯಾಚು. 1-1 ಸಮ, ಒಂಬತ್ತನೇ ಅಂದರೆ ಕೊನೇ ಇನಿಂಗ್ಸಿನ ಕೊನೆ, ಎರಡು ಔಟ್ ಆಗಿದೆ, ಮೂರನೆಯದು ಆದರೆ ಇನಿಂಗ್ಸ್ ಮುಗಿಯುತ್ತದೆ. ಜಯಂಟ್ಸ್‌ನ ಮೂಸ್ ಮೆಕಾರ್ಮಿಕ್ ಮೂರನೇ ಬೇಸ್‌ನಲ್ಲಿ, ಹತ್ತೊಂಬತ್ತು ವರ್ಷದ ಫ್ರೆಡ್ ಮರ್ಕಲ್ ಮೊದಲ ಬೇಸ್‌ನಲ್ಲಿ. ಆಲ್ ಬ್ರಿಡ್‌ವೆಲ್ ಹೊಡೆದ ಚೆಂಡು ಔಟ್‌ಫೀಲ್ಡಿಗೆ ಹೋಯಿತು. ಮೆಕಾರ್ಮಿಕ್ ಹೋಮ್ ಮುಟ್ಟಿದ. ಗೆದ್ದೆವು ಅಂತ ಜನ ಮೈದಾನಕ್ಕೆ ನುಗ್ಗಿದರು. ಮರ್ಕಲ್ ಎರಡನೇ ಬೇಸ್ ತನಕ ಹೋಗದೆ ಅರ್ಧ ದಾರಿಯಲ್ಲೇ ತಿರುಗಿ ಕ್ಲಬ್‌ಹೌಸ್ ಕಡೆ ಓಡಿದ. ಆ ಕಾಲದಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಗೆಲುವಿನ ರನ್ ಬಂದ ಮೇಲೆ ಮಿಕ್ಕವರು ಮುಂದಿನ ಬೇಸ್ ಮುಟ್ಟುವುದನ್ನು ಯಾರೂ ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲ.

ನಿಯಮ ಮಾತ್ರ ಬೇರೆ ಹೇಳುತ್ತಿತ್ತು. ಬ್ಯಾಟರ್ ಓಡಿ ಬರುತ್ತಿದ್ದಾನೆ, ಹಾಗಾಗಿ ಮರ್ಕಲ್ ಮೊದಲ ಬೇಸ್ ಖಾಲಿ ಮಾಡಿ ಎರಡನೆಯದಕ್ಕೆ ಹೋಗಲೇಬೇಕು. ಅಲ್ಲಿ ಅವನಿಗಿಂತ ಮೊದಲು ಚೆಂಡು ಹಿಡಿದು ಬೇಸ್ ತುಳಿದರೆ ಅವನು ಫೋರ್ಸ್ ಔಟ್. ಮೂರನೇ ಔಟ್ ಫೋರ್ಸ್ ಔಟ್ ಆದರೆ ಅಷ್ಟರಲ್ಲಿ ಹೋಮ್ ಮುಟ್ಟಿದ ರನ್ ಕೂಡ ಲೆಕ್ಕಕ್ಕಿಲ್ಲ. ಕಬ್ಸ್‌ನ ಎರಡನೇ ಬೇಸ್‌ಮನ್ ಜಾನಿ ಎವರ್ಸ್‌ಗೆ ಇದು ಬಾಯಿಪಾಠ. ಜನಜಂಗುಳಿಯ ಮಧ್ಯೆ ಎಲ್ಲಿಂದಲೋ ಒಂದು ಚೆಂಡು ತರಿಸಿಕೊಂಡು ಎರಡನೇ ಬೇಸ್ ತುಳಿದು ನಿಂತ. ಅದೇ ಚೆಂಡಾ, ಬೇರೆ ಚೆಂಡಾ ಅನ್ನುವ ವಾದ ಇವತ್ತಿಗೂ ಮುಗಿದಿಲ್ಲ. ಮೈದಾನದಲ್ಲಿ ಇದ್ದದ್ದು ಇಬ್ಬರೇ ಅಂಪೈರ್. ಬೇಸ್ ಹತ್ತಿರವಿದ್ದ ಬಾಬ್ ಎಮ್ಸ್ಲಿ "ನಾನು ನೋಡಲಿಲ್ಲ" ಅಂದರು. ಪ್ಲೇಟ್ ಹಿಂದಿದ್ದ ಹ್ಯಾಂಕ್ ಓಡೇ "ನಾನು ನೋಡಿದೆ, ಅವನು ಮುಟ್ಟಲಿಲ್ಲ" ಅಂದರು. ಔಟ್. ರನ್ ಇಲ್ಲ. ಮೈದಾನದ ತುಂಬ ಜನ, ಕತ್ತಲೆ ಬೇರೆ, ಮ್ಯಾಚ್ ಟೈ. ಸೀಸನ್ ಮುಗಿದಾಗ ಎರಡೂ ತಂಡ ಸಮ ಸಮ. ಅಕ್ಟೋಬರ್ 8ರಂದು ಮತ್ತೆ ಆಡಿಸಿದರು. ಕಬ್ಸ್ ಗೆದ್ದು, ಆ ವರ್ಷದ ವರ್ಲ್ಡ್ ಸೀರೀಸನ್ನೂ (ಫೈನಲ್ ಸರಣಿ) ಗೆದ್ದರು. ಆಮೇಲೆ ಅವರಿಗೆ ಅದು ಸಿಕ್ಕಿದ್ದು 2016ರಲ್ಲಿ.

ಪ್ಲೇಟ್ ಹಿಂದೆ ನಿಂತ ಓಡೇ ಎರಡನೇ ಬೇಸ್ ಕಡೆ ಯಾಕೆ ನೋಡುತ್ತಿದ್ದರು? ಅದಕ್ಕೂ ಮೂರು ವಾರ ಮುಂಚೆ, ಸೆಪ್ಟೆಂಬರ್ 4ರಂದು ಪಿಟ್ಸ್‌ಬರ್ಗಿನಲ್ಲಿ ಇದೇ ಎವರ್ಸ್ ಇದೇ ಅಪೀಲನ್ನು ಇದೇ ಓಡೇ ಮುಂದೆ ಇಟ್ಟಿದ್ದ. ಓಡೇ ನೋಡಿರಲಿಲ್ಲ, ಕೊಡಲಿಲ್ಲ. ಆದರೆ ಅದು ಅವರ ತಲೆಯಲ್ಲಿ ಉಳಿಯಿತು. ನಿಯಮ ಪುಸ್ತಕದಲ್ಲಿ ಒಂದು ಅಕ್ಷರವೂ ಬದಲಾಗಲಿಲ್ಲ. ಒಬ್ಬ ಅಂಪೈರ್ ಕಣ್ಣು ಎಲ್ಲಿ ಇಡಬೇಕು ಅನ್ನುವುದು ಬದಲಾಯಿತು, ಅಷ್ಟರಿಂದ ಒಂದು ಚಾಂಪಿಯನ್‌ಷಿಪ್ ಕೈ ಬದಲಾಯಿಸಿತು. ಪಾಪ ಮರ್ಕಲ್. ಎಲ್ಲರೂ ಮಾಡುತ್ತಿದ್ದದ್ದನ್ನೇ ಮಾಡಿ ಜೀವನ ಪೂರ್ತಿ ಅದನ್ನೇ ಕೇಳಿಸಿಕೊಂಡ.

ಮಕ್ಕಳ ಮ್ಯಾಚಿನಲ್ಲಿ ಇವತ್ತೂ ಸಾಮಾನ್ಯವಾಗಿ ಇಬ್ಬರೇ ಅಂಪೈರ್. ಕೆಲವು ಸಲ ಒಬ್ಬರೇ. ಚೆಂಡು ಔಟ್‌ಫೀಲ್ಡಿಗೆ ಹೋದ ತಕ್ಷಣ ಬೇಸ್ ಅಂಪೈರ್ ಡೈಮಂಡ್ (ಬೇಸ್‌ಗಳ ನಡುವಿನ ಚೌಕ) ಒಳಗೆ ಓಡಿ ಬಂದು ಗಿರ್ರನೆ ತಿರುಗುತ್ತಾರೆ. ಬ್ಯಾಟರ್ ಮೊದಲ ಬೇಸ್ ಮುಟ್ಟಿದನಾ ನೋಡಬೇಕು, ಆಮೇಲೆ ಎರಡನೆಯದು. ಪ್ಲೇಟ್ ಅಂಪೈರ್ ಮುಖದ ಮಾಸ್ಕ್ ತೆಗೆದು ಮೂರನೇ ಬೇಸ್ ಕಡೆ ಓಡಿ ಬರುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಬೇಸ್ ಹಂಚಿಕೆಯಾಗಿರುತ್ತದೆ. ಚೆಂಡನ್ನು ನೋಡುತ್ತಾ ನಿಂತರೆ ಕಾಲು ತಪ್ಪಿಹೋಗುತ್ತದೆ. ನಿಮ್ಮ ಅಂಪೈರ್ ಮೂರನೇ ಬೇಸನ್ನೇ ನೋಡುತ್ತಿದ್ದರು ಅಂತ ನೀವೇ ಬರೆದಿದ್ದೀರಿ. ಸರಿಯಾದ ಕಡೆಯೇ ನೋಡುತ್ತಿದ್ದರು. ನಿಮ್ಮ ತಂಡ ಕೇಳಲಿಲ್ಲ.

ಈಗ ನಿಮ್ಮ ಮಗ ಸುತ್ತಿ ಓಡಿದ್ದು. ಬೇಸ್‌ನಿಂದ ಬೇಸ್‌ಗೆ ನೆಲದ ಮೇಲೆ ಒಂದು ದಾರಿ ಇದೆ, ರನ್ನರ್ ಅದನ್ನು ಬಿಟ್ಟು ಮೂರು ಅಡಿ ಆಚೆ ಹೋದರೆ ಔಟ್ ಅಂತ ತುಂಬಾ ಜನ ನಂಬಿದ್ದಾರೆ. ಆ ದಾರಿ ಇಲ್ಲ. ಟ್ಯಾಗ್ ಮಾಡುವ ಪ್ರಯತ್ನ ಶುರುವಾದ ಕ್ಷಣದಲ್ಲಿ ಮಾತ್ರ ಅದು ಹುಟ್ಟುತ್ತದೆ. ಆ ಕ್ಷಣಕ್ಕೆ ರನ್ನರ್ ಎಲ್ಲಿದ್ದಾನೋ ಅಲ್ಲಿಂದ ಅವನು ಹೋಗುತ್ತಿರುವ ಬೇಸ್‌ಗೆ ಒಂದು ನೇರ ಗೆರೆ ಎಳೆದುಕೊಳ್ಳಿ. ಟ್ಯಾಗ್ ತಪ್ಪಿಸಿಕೊಳ್ಳಲು ಆ ಗೆರೆಯಿಂದ ಮೂರು ಅಡಿಗಿಂತ ಜಾಸ್ತಿ ಪಕ್ಕಕ್ಕೆ ಹೋದರೆ ಔಟ್. ಅದಕ್ಕೆ ಮೊದಲು ಅವನು ಹುಲ್ಲಿನ ಮೇಲಾದರೂ ಓಡಲಿ, ಯಾರೂ ಕೇಳುವುದಿಲ್ಲ.

ಕಬಡ್ಡಿ ನೋಡಿದವರಿಗೆ ಇದು ಸುಲಭ. ಅಂಕಣದ ಎರಡೂ ಪಕ್ಕದಲ್ಲಿ ಲಾಬಿ ಇರುತ್ತದಲ್ಲ? ಮುಟ್ಟುವ ತನಕ ಅಲ್ಲಿ ಕಾಲಿಟ್ಟರೆ ಔಟ್, ಮುಟ್ಟಿದ ಮೇಲೆ ಅದೂ ಅಂಕಣವೇ. ಒಂದು ಘಟನೆ ನಡೆದ ಮೇಲೆ ಗೆರೆಗೆ ಅರ್ಥ ಬರುತ್ತದೆ. ಬೇಸ್‌ಬಾಲ್‌ನಲ್ಲಿ ಆ ಘಟನೆ ಟ್ಯಾಗ್ ಪ್ರಯತ್ನ.

ಹಾಗಾಗಿ ಹಿಂದಿನ ವಾರದ ಹುಡುಗ ಎಷ್ಟು ಸುತ್ತಿದರೂ ಅವನ ಹಿಂದೆ ಚೆಂಡು ಹಿಡಿದು ಯಾರೂ ಬಂದಿರಲಿಲ್ಲ ಅಂತಿಟ್ಟುಕೊಳ್ಳಿ, ಅವನು ಮಾಡಿದ್ದು ತಪ್ಪಲ್ಲ. ನಿಮ್ಮ ಮಗನ ಮುಂದೆ ಚೆಂಡು ಹಿಡಿದ ಹುಡುಗ ಕೈ ಚಾಚಿದ್ದ. ಅಲ್ಲಿ ಗೆರೆ ಹುಟ್ಟಿತು. ಮೂರು ಅಡಿಯನ್ನು ಟೇಪು ಹಿಡಿದು ಅಳೆಯಲು ಆಗುತ್ತಾ? ಇಲ್ಲ. ನಾನು ನೋಡುವುದು ಹೀಗೆ: ಫೀಲ್ಡರ್ ಒಂದು ಹೆಜ್ಜೆ ಮುಂದಿಟ್ಟು ಕೈ ಪೂರ್ತಿ ಚಾಚಿದರೂ ರನ್ನರ್ ಸಿಗಲಿಲ್ಲ, ರನ್ನರ್ ಸೊಂಟ ತಿರುಗಿಸಿದ್ದಲ್ಲದೆ ಕಾಲಿನ ದಾರಿಯನ್ನೇ ಬದಲಾಯಿಸಿದ. ಆಗ ಔಟ್. ಬರೀ ಮೈ ಬಾಗಿಸಿ ತಪ್ಪಿಸಿಕೊಂಡರೆ ಅದು ಅವನ ಜಾಣತನ.

ಇದಕ್ಕೊಂದು ದೊಡ್ಡ ವಿನಾಯಿತಿ ಇದೆ. ಬ್ಯಾಟರ್ ಹೊಡೆದ ಚೆಂಡನ್ನು ಫೀಲ್ಡರ್ ಇನ್ನೂ ಹಿಡಿಯಲು ಬಗ್ಗಿದ್ದಾನೆ ಅಂದುಕೊಳ್ಳಿ. ಆಗ ಅವನನ್ನು ಸುತ್ತಿ ಹೋಗುವುದು ರನ್ನರ್‌ನ ಕರ್ತವ್ಯ. ಎಷ್ಟು ಅಡಿಯಾದರೂ ಸರಿ. ಸುತ್ತದೆ ಡಿಕ್ಕಿ ಹೊಡೆದರೆ ಅದು ಇಂಟರ್‌ಫಿಯರೆನ್ಸ್, ಅವನೇ ಔಟ್. ಚೆಂಡು ಫೀಲ್ಡರ್ ಕೈ ಸೇರಿದ್ದು ಯಾವಾಗ ಅನ್ನುವುದರ ಮೇಲೆ ಎಲ್ಲವೂ ತಲೆಕೆಳಗಾಗುತ್ತದೆ. ಅರ್ಧ ಸೆಕೆಂಡ್ ಹಿಂದೆ ಮುಂದೆ, ಅಷ್ಟೇ. ದೂರದ ಬೆಂಚಿನಲ್ಲಿ ಕೂತ ನಮಗೆ ಎರಡೂ ಒಂದೇ ಥರ ಕಾಣುತ್ತದೆ.

ಗೆರೆ ಇಲ್ಲದ ಜಾಗದಲ್ಲಿ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ನಿಮ್ಮ ಮಗನಿಗೆ 2021ರ ಮೇ 27ರ ವಿಡಿಯೋ ತೋರಿಸಿ, ಬಿದ್ದು ಬಿದ್ದು ನಗುತ್ತಾನೆ. ಪಿಟ್ಸ್‌ಬರ್ಗಿನಲ್ಲಿ ಕಬ್ಸ್ ಆಟ. ಎರಡು ಔಟ್ ಆಗಿದೆ, ವಿಲ್ಸನ್ ಕಾಂಟ್ರೆರಾಸ್ ಎರಡನೇ ಬೇಸ್‌ನಲ್ಲಿ. ಹಾವಿಯೇರ್ ಬಾಯೆಸ್ ಹೊಡೆದದ್ದು ಮೂರನೇ ಬೇಸ್ ಕಡೆಗೆ ಸಾದಾ ಚೆಂಡು. ಎಸೆತ ಸ್ವಲ್ಪ ಆಚೆ ಬಂದು ಮೊದಲ ಬೇಸ್‌ಮನ್ ವಿಲ್ ಕ್ರೇಗ್ ಬೇಸ್ ಬಿಟ್ಟು ಮುಂದೆ ಬರಬೇಕಾಯಿತು. ಬಾಯೆಸ್ ನಿಂತ. ಆಮೇಲೆ ತಿರುಗಿ ಹೋಮ್ ಕಡೆಗೇ ಹಿಂದಕ್ಕೆ ಓಡತೊಡಗಿದ! ಕ್ರೇಗ್ ಚೆಂಡು ಹಿಡಿದುಕೊಂಡು ಅವನ ಹಿಂದೆ ಓಡಿದ. ಸುಮ್ನೆ ತಿರುಗಿ ಹೋಗಿ ಮೊದಲ ಬೇಸ್ ತುಳಿದಿದ್ದರೆ ಇನಿಂಗ್ಸ್ ಮುಗಿಯುತ್ತಿತ್ತು. ಅಷ್ಟರಲ್ಲಿ ಕಾಂಟ್ರೆರಾಸ್ ಮೂರನೇ ಬೇಸ್ ಸುತ್ತಿ ಹೋಮ್‌ಗೆ ಬಂದ. ಕ್ರೇಗ್ ಗಾಬರಿಯಾಗಿ ಕ್ಯಾಚರ್‌ಗೆ ಎಸೆದ. ಕಾಂಟ್ರೆರಾಸ್ ಜಾರಿ ಪ್ಲೇಟ್ ಮುಟ್ಟಿದ. ಪಕ್ಕದಲ್ಲೇ ನಿಂತ ಬಾಯೆಸ್ ತಾನೇ ಕೈ ಚಾಚಿ ಸೇಫ್ ಅಂತ ತೋರಿಸಿ, ಮತ್ತೆ ಮೊದಲ ಬೇಸ್ ಕಡೆ ಓಟ ಕಿತ್ತ. ಆ ಕಡೆ ಎಸೆದ ಚೆಂಡು ತಪ್ಪಿ ಹೋಯಿತು, ಅವನು ಎರಡನೇ ಬೇಸ್ ತನಕ ಹೋಗಿ ನಿಂತ.

ಅಂಪೈರ್‌ಗಳು ಇಷ್ಟಕ್ಕೂ ಏನೂ ಮಾಡಲಿಲ್ಲ, ಮಾಡಬೇಕಾದದ್ದೂ ಇರಲಿಲ್ಲ. ಬ್ಯಾಟರ್ ಹಿಂದಕ್ಕೆ ಓಡಿದರೂ ಹೋಮ್ ಪ್ಲೇಟ್ ತಲುಪದಿದ್ದರೆ ತಪ್ಪಲ್ಲ. ಆದರೆ ಆ ರನ್ ಇನ್ನೂ ತೂಗುತ್ತಿತ್ತು. ಬಾಯೆಸ್ ಮೊದಲ ಬೇಸ್ ಮುಟ್ಟುವ ಮೊದಲು ಔಟ್ ಆಗಿದ್ದರೆ, ಕಾಂಟ್ರೆರಾಸ್ ಎಷ್ಟು ಮುಂಚೆ ಬಂದಿದ್ದರೂ ಆ ರನ್ ರದ್ದಾಗುತ್ತಿತ್ತು. ಮರ್ಕಲ್ ಕಥೆಯ ಲೆಕ್ಕವೇ ಇದು. ಹಿಂದಕ್ಕೆ ಓಡುವುದಕ್ಕೂ ಒಂದು ಮಿತಿ ಇದೆ ಅನ್ನಿ. 1911ರಲ್ಲಿ ವಾಷಿಂಗ್ಟನ್ ತಂಡದ ಜರ್ಮನಿ ಶೇಫರ್ ಅನ್ನುವವನು ಎರಡನೇ ಬೇಸ್‌ನಿಂದ ಮೊದಲ ಬೇಸ್‌ಗೆ "ಕದ್ದು" ಓಡಿದ್ದ, ಎದುರಿನವರನ್ನು ಗಲಿಬಿಲಿ ಮಾಡಲು. ಆಗ ನಡೆಯಿತು. ಈಗ ಹಾಗೆ ಒಮ್ಮೆ ಪಡೆದ ಬೇಸ್‌ನಿಂದ ಆಟವನ್ನು ಗೇಲಿ ಮಾಡಲು ಉಲ್ಟಾ ಓಡಿದರೆ ಔಟ್.

ನೆಲದ ಮೇಲೆ ಸುಣ್ಣದಲ್ಲಿ ಎಳೆದ ದಾರಿ ಇರುವುದು ಒಂದೇ ಕಡೆ. ಹೋಮ್‌ನಿಂದ ಮೊದಲ ಬೇಸ್‌ಗೆ ಹೋಗುವಾಗ ಕೊನೆಯ ಅರ್ಧ, ಫೌಲ್ ಗೆರೆಯ (ಆಟದ ಜಾಗದ ಅಂಚಿನ ಗೆರೆ) ಬಲಕ್ಕೆ ಮೂರು ಅಡಿ ಅಗಲದ ಓಣಿ. ಇದರ ಒಳಗೇ ಓಡಬೇಕು ಅಂತಿದ್ದರೂ ಆಚೆ ಹೆಜ್ಜೆ ಇಟ್ಟ ತಕ್ಷಣ ಔಟ್ ಅಲ್ಲ. ಅದರಿಂದ ಮೊದಲ ಬೇಸ್‌ನಲ್ಲಿ ಎಸೆತ ಹಿಡಿಯುವವನಿಗೆ ಅಡ್ಡಿಯಾಗಬೇಕು. ತಮಾಷೆ ಏನಂದರೆ ಓಣಿ ಇರುವುದು ಗೆರೆಯ ಆಚೆ, ಬೇಸ್ ಇರುವುದು ಗೆರೆಯ ಈಚೆ. 2019ರ ವರ್ಲ್ಡ್ ಸೀರೀಸ್ ಆರನೇ ಮ್ಯಾಚಿನಲ್ಲಿ ವಾಷಿಂಗ್ಟನ್‌ನ ಟ್ರೇ ಟರ್ನರ್ ಗೆರೆಯ ಈಚೆ ನೇರ ಓಡಿ ಬೇಸ್ ಮುಟ್ಟಿದ, ಪಿಚರ್ (ಇಲ್ಲಿನ ಬೌಲರ್) ಚೆಂಡು ಹಿಡಿದು ಮೊದಲ ಬೇಸ್ ಕಡೆ ಎಸೆದದ್ದು ಅವನಿಗೆ ತಾಗಿತು. ಪ್ಲೇಟ್ ಅಂಪೈರ್ ಸ್ಯಾಮ್ ಹೋಲ್‌ಬ್ರೂಕ್ ಔಟ್ ಕೊಟ್ಟರು. ಮ್ಯಾನೇಜರ್ ಡೇವ್ ಮಾರ್ಟಿನೆಸ್ ಕೂಗಾಡಿ ಮೈದಾನದಿಂದ ಹೊರಗೆ ಹಾಕಿಸಿಕೊಂಡರು. ಪುಸ್ತಕದ ಪ್ರಕಾರ ಹೋಲ್‌ಬ್ರೂಕ್ ಸರಿ. ಬೇಸ್ ಇಟ್ಟ ಜಾಗ ನೋಡಿದರೆ ಟರ್ನರ್ ಸಿಟ್ಟೂ ಸರಿ. 2024ರಲ್ಲಿ ಮೇಜರ್ ಲೀಗ್ (ದೊಡ್ಡವರ ವೃತ್ತಿಪರ ಲೀಗ್) ಓಣಿಯನ್ನು ಅಗಲ ಮಾಡಿ, ಗೆರೆಯ ಈಚೆಗಿನ ಮಣ್ಣಿನ ಜಾಗವನ್ನೂ ಸೇರಿಸಿತು. ಹುಲ್ಲು ತುಳಿಯಬಾರದು, ಅಷ್ಟೇ. ಸುಮಾರು ನೂರು ವರ್ಷದ ಸಿಟ್ಟು ತಣಿಯಲು ಒಂದೂವರೆ ಎರಡು ಅಡಿ ಮಣ್ಣು ಸಾಕಾಯಿತು.

ನೀವು ಕೇಳಿಲ್ಲ, ಆದರೂ ಇನ್ನೊಂದು ಹೇಳಿಬಿಡುತ್ತೇನೆ. ಮುಂದಿನ ಸಲ ಕೂಗುವ ಮೊದಲು ನೆನಪಾಗಲಿ ಅಂತ. ಚೆಂಡು ಕೈಯಲ್ಲಿಲ್ಲದ ಫೀಲ್ಡರ್ ರನ್ನರ್‌ಗೆ ಅಡ್ಡ ಬಂದರೆ ಅದು ಅಬ್‌ಸ್ಟ್ರಕ್ಷನ್. ಆಗಲೂ ಬಹಳಷ್ಟು ಸಲ ಅಂಪೈರ್ ಆಟ ನಿಲ್ಲಿಸುವುದಿಲ್ಲ. ಬೆರಳು ತೋರಿಸುತ್ತಾರೆ, ಆಟ ಮುಂದುವರಿಯುತ್ತದೆ. ಎಲ್ಲ ಮುಗಿದ ಮೇಲೆ, ಆ ಅಡ್ಡಿ ಇಲ್ಲದಿದ್ದರೆ ಇವನು ಎಲ್ಲಿ ತನಕ ಹೋಗುತ್ತಿದ್ದ ಅಂತ ಲೆಕ್ಕ ಹಾಕಿ ಆ ಬೇಸ್ ಕೊಡುತ್ತಾರೆ.

2013ರ ಅಕ್ಟೋಬರ್ 26ರಂದು ಸೇಂಟ್ ಲೂಯಿಸ್‌ನಲ್ಲಿ ವರ್ಲ್ಡ್ ಸೀರೀಸಿನ ಮೂರನೇ ಮ್ಯಾಚ್ ಮುಗಿದದ್ದೇ ಹೀಗೆ. ಸ್ಕೋರು 4-4, ಒಂಬತ್ತನೇ ಇನಿಂಗ್ಸ್. ಬಾಸ್ಟನ್ ಕ್ಯಾಚರ್ ಹೋಮ್‌ನಲ್ಲಿ ಒಬ್ಬನನ್ನು ಔಟ್ ಮಾಡಿ ಮೂರನೇ ಬೇಸ್‌ಗೆ ಎಸೆದ. ಚೆಂಡು ಹಿಡಿಯಲು ಹಾರಿದ ವಿಲ್ ಮಿಡಲ್‌ಬ್ರೂಕ್ಸ್ ನೆಲಕ್ಕೆ ಬಿದ್ದ, ಚೆಂಡು ಹಿಂದೆ ಹೋಯಿತು. ಎದ್ದು ಹೋಮ್ ಕಡೆ ಓಡಲು ಹೋದ ಸೇಂಟ್ ಲೂಯಿಸ್ ರನ್ನರ್ ಅಲನ್ ಕ್ರೇಗ್ ಅವನ ಮೇಲೆ ಎಡವಿ ಬಿದ್ದ. ಎದ್ದು ಕುಂಟುತ್ತಾ ಓಡಿದ. ಹೋಮ್‌ನಲ್ಲಿ ಅವನಿಗಿಂತ ಮೊದಲೇ ಚೆಂಡು ಬಂತು, ಟ್ಯಾಗ್ ಕೂಡ ಆಯಿತು. ಪ್ಲೇಟ್ ಅಂಪೈರ್ ಡೇನಾ ಡಿಮ್ಯೂತ್ ಕೈ ಚಾಚಿ ಸೇಫ್ ಅಂದರು, ಮೂರನೇ ಬೇಸ್ ಕಡೆ ಬೆರಳು ಮಾಡಿದರು. ಅಲ್ಲಿ ಜಿಮ್ ಜಾಯ್ಸ್ ಆಗಲೇ ಅಬ್‌ಸ್ಟ್ರಕ್ಷನ್ ಅಂತ ತೋರಿಸಿ ಆಗಿತ್ತು. ಮ್ಯಾಚ್ ಮುಗಿಯಿತು. ಬಿದ್ದವನು ಬೇಕಂತ ಅಡ್ಡ ಮಲಗಲಿಲ್ಲವಲ್ಲ ಅಂತ ಬಾಸ್ಟನ್‌ನವರು ವಾದಿಸಿದರು. ಬೇಕಂತ ಮಾಡಿದನಾ ಅನ್ನುವ ಪ್ರಶ್ನೆಯೇ ಈ ನಿಯಮದಲ್ಲಿ ಇಲ್ಲ. ನಮ್ಮೂರ ಕಡೆ ದಾರಿಯಲ್ಲಿ ಬಿದ್ದ ಮರ ಬೇಕಂತ ಬಿತ್ತಾ ಅಂತ ಬಸ್ಸಿನವನು ಕೇಳುತ್ತಾನಾ?

ಆ ಜಿಮ್ ಜಾಯ್ಸ್ ಹೆಸರು ಹೇಳಿದ ಮೇಲೆ ನಿಮ್ಮ ಮೂರನೇ ಪ್ರಶ್ನೆಗೆ ಬರಲೇಬೇಕು. 2010ರ ಜೂನ್ 2, ಡೆಟ್ರಾಯಿಟ್. ಅರ್ಮಾಂಡೋ ಗಲಾರಾಗ 26 ಬ್ಯಾಟರ್‌ಗಳನ್ನು ಸತತವಾಗಿ ಔಟ್ ಮಾಡಿದ್ದ. ಇನ್ನೊಂದು ಔಟ್ ಆದರೆ ಪರ್ಫೆಕ್ಟ್ ಗೇಮ್, ಅಂದರೆ ಎದುರಿನವರಲ್ಲಿ ಒಬ್ಬನೂ ಬೇಸ್ ಸೇರದ ಮ್ಯಾಚ್. ಪಿಚರ್‌ಗೆ ಅದಕ್ಕಿಂತ ದೊಡ್ಡದು ಇಲ್ಲ. ಇಪ್ಪತ್ತೇಳನೆಯವನು ಹೊಡೆದ ಚೆಂಡು ಮೊದಲ ಬೇಸ್ ಕಡೆ. ಮಿಗೆಲ್ ಕಬ್ರೇರಾ ಹಿಡಿದು ಬೇಸ್‌ಗೆ ಓಡಿ ಬಂದ ಗಲಾರಾಗನಿಗೇ ಎಸೆದ. ಔಟ್ ಅಂತ ಇಡೀ ಮೈದಾನಕ್ಕೆ ಗೊತ್ತು. ಜಾಯ್ಸ್ ಸೇಫ್ ಅಂದರು. ಆಮೇಲೆ ವಿಡಿಯೋ ನೋಡಿ, ನಾನು ತಪ್ಪು ಮಾಡಿದೆ ಅಂತ ನೇರವಾಗಿ ಒಪ್ಪಿಕೊಂಡರು. ಮಾರನೇ ದಿನ ಆಟಗಾರರ ಪಟ್ಟಿ ಕೊಡಲು ಗಲಾರಾಗನೇ ಪ್ಲೇಟ್ ಹತ್ತಿರ ಬಂದ. ಜಾಯ್ಸ್ ಕಣ್ಣು ಒರೆಸಿಕೊಂಡರು. ಅದೇ ಮನುಷ್ಯ ಮೂರು ವರ್ಷದ ಮೇಲೆ ವರ್ಲ್ಡ್ ಸೀರೀಸಿನಲ್ಲಿ ಯಾರೇ ಆದರೂ ಕೊಡಲು ಹೆದರುವ ತೀರ್ಪನ್ನು ಕೊಟ್ಟರು. ನನಗಂತೂ ಎರಡೂ ಸೇರಿಯೇ ಆ ಮನುಷ್ಯನ ಮೇಲೆ ಗೌರವ.

ಮೊದಲ ಬೇಸ್‌ನಲ್ಲಿ ನಾವು ಕಣ್ಣು ಇಡುವುದು ಬೇಸ್ ಮತ್ತು ಕಾಲಿನ ಮೇಲೆ. ಚೆಂಡು ಕೈಗವಸಿಗೆ ಬಿದ್ದದ್ದನ್ನು ಕಿವಿಯಿಂದ ತಿಳಿದುಕೊಳ್ಳುತ್ತೇವೆ. "ಟಪ್" ಮೊದಲಾ, ಕಾಲು ಮೊದಲಾ? ಎರಡನ್ನೂ ಕಣ್ಣಲ್ಲೇ ಹಿಡಿಯಲು ಹೋದರೆ ಎರಡೂ ತಪ್ಪುತ್ತದೆ. ಗಲಾಟೆ ಜಾಸ್ತಿ ಇದ್ದರೆ ಕಿವಿಯೂ ಕೈ ಕೊಡುತ್ತದೆ.

ಟೈ ಆದರೆ ರನ್ನರ್‌ಗೆ ಅನ್ನುವ ಮಾತು ಎಲ್ಲಿಂದ ಬಂತು? ಪುಸ್ತಕದಲ್ಲಿ ಆ ಮಾತೇ ಇಲ್ಲ. ಬ್ಯಾಟರ್ ಮೊದಲ ಬೇಸ್ ಮುಟ್ಟುವುದಕ್ಕಿಂತ ಮೊದಲು ಚೆಂಡು ಹಿಡಿದು ಬೇಸ್ ತುಳಿದರೆ ಔಟ್ ಅಂತಿದೆ. ಅಕ್ಷರಕ್ಕೆ ಅಕ್ಷರ ಓದಿದರೆ ಒಟ್ಟಿಗೆ ಆದಾಗ ಔಟ್ ಇಲ್ಲ, ನಿಮ್ಮೆಜಮಾನರು ಗೆದ್ದರು. ಆದರೆ ಫೋರ್ಸ್ ಆದ ಇತರ ರನ್ನರ್‌ಗಳ ಬಗ್ಗೆ ಲಿಟಲ್ ಲೀಗ್ ಪುಸ್ತಕದಲ್ಲಿ ಬರೆದಿರುವುದು ಉಲ್ಟಾ. ಫೀಲ್ಡರ್‌ಗಿಂತ ಮೊದಲು ಬೇಸ್ ತಲುಪಲು ಆಗದಿದ್ದರೆ ಔಟ್ ಅಂತ. ಅಲ್ಲಿ ಒಟ್ಟಿಗೆ ಬಂದವನು ಔಟ್. ಹಾಗಾಗಿ ಅಂಪೈರ್‌ಗಳ ಲೆಕ್ಕದಲ್ಲಿ ಟೈ ಅನ್ನುವುದೇ ಇಲ್ಲ. ಯಾವುದೋ ಒಂದು ಕೂದಲೆಳೆಯಷ್ಟು ಮೊದಲು ಬಂದಿರುತ್ತದೆ, ಅದನ್ನು ಹೇಳಬೇಕು. ತಕ್ಷಣ ಬೇಡ, ಒಂದು ಉಸಿರು ಬಿಟ್ಟು ಹೇಳಿ ಅಂತ ನಮಗೆ ಕಲಿಸುತ್ತಾರೆ.

ಮೇಜರ್ ಲೀಗ್‌ನಲ್ಲಿ 2014ರಿಂದ ಇಂಥ ತೀರ್ಪನ್ನು ಮ್ಯಾನೇಜರ್ ಪ್ರಶ್ನಿಸಬಹುದು, ನ್ಯೂಯಾರ್ಕಿನಲ್ಲಿ ಕೂತವರು ವಿಡಿಯೋ ನೋಡಿ ಹೇಳುತ್ತಾರೆ. ವಿಡಿಯೋ ಬಂದ ಮೇಲೆ ನಿಯಮ ಅದೇ ಇದ್ದರೂ ಔಟ್ ಬದಲಾಯಿತು. ಜಾರಿ ಬಂದು ಬೇಸ್ ಮುಟ್ಟಿದ ರನ್ನರ್‌ನ ಮೈ ಒಂದು ಕ್ಷಣ ಬೇಸ್ ಬಿಟ್ಟು ಮೇಲೆದ್ದರೆ, ಅಷ್ಟರಲ್ಲಿ ಕೈಗವಸು ತಾಗಿಕೊಂಡೇ ಇದ್ದರೆ, ಔಟ್. ಬರಿಗಣ್ಣಿಗೆ ಅದು ಕಾಣುತ್ತಲೇ ಇರಲಿಲ್ಲ. ಹಾಗೇ ಎರಡನೇ ಬೇಸ್‌ನಲ್ಲಿ ಡಬಲ್ ಪ್ಲೇ (ಒಂದೇ ಹೊಡೆತಕ್ಕೆ ಎರಡು ಔಟ್) ಮಾಡುವವನು ಬೇಸ್ ಪಕ್ಕದಲ್ಲಿ ಕಾಲಿಟ್ಟರೂ ಅಂಪೈರ್‌ಗಳು ನಡೆಸಿಕೊಂಡು ಹೋಗುತ್ತಿದ್ದರು, ಕಾಲು ಮುರಿಯಬಾರದು ಅಂತ. 2016ರಿಂದ ಅದೂ ವಿಡಿಯೋ ಕೆಳಗೆ ಬಂತು. ಜೊತೆಗೆ, ಹಿಂದಿನ ವರ್ಷ ಚೇಸ್ ಅಟ್ಲಿ ನುಗ್ಗಿ ರೂಬೆನ್ ತೆಹಾಡಾ ಕಾಲು ಮುರಿದ ಮೇಲೆ, ರನ್ನರ್ ಬೇಸ್ ಕಡೆಗೇ ಜಾರಬೇಕು, ಫೀಲ್ಡರ್ ಕಡೆಗಲ್ಲ ಅಂತ ನಿಯಮವನ್ನೂ ಬಿಗಿ ಮಾಡಿದರು.

ನಿಮ್ಮ ಮಗನ ವಯಸ್ಸಿಗೆ ಎರಡು ಮೂರು ಬೇರೆ ಇದೆ. ಟಿವಿಯಲ್ಲಿ ನೋಡಿದ್ದನ್ನೇ ಅವನು ಮಾಡಲು ಹೋದರೆ ತೊಂದರೆಯಾಗುತ್ತದೆ. ಲಿಟಲ್ ಲೀಗ್‌ನ ಆ ವಿಭಾಗದಲ್ಲಿ ಪಿಚ್, ಅಂದರೆ ಪಿಚರ್ ಹಾಕಿದ ಚೆಂಡು, ಬ್ಯಾಟರ್ ತನಕ ಬರುವವರೆಗೆ ಬೇಸ್ ಬಿಡುವಂತಿಲ್ಲ. ಮುಂದಿನ ಬೇಸ್‌ಗೆ ಹೋಗುವಾಗ ತಲೆ ಮುಂದೆ ಮಾಡಿ ಜಾರುವಂತಿಲ್ಲ. ಹಿಂದಕ್ಕೆ ಬರುವಾಗ ಪರವಾಗಿಲ್ಲ. "ಜಾರಲೇಬೇಕು" ಅನ್ನುವ ನಿಯಮ ಇದೆ ಅಂತ ಪ್ರತಿ ವಾರ ಯಾರಾದರೂ ನನಗೆ ಹೇಳುತ್ತಾರೆ. ಇಲ್ಲ. ಚೆಂಡು ಹಿಡಿದು ಕಾಯುತ್ತಿರುವವನ ಮೇಲೆ ನುಗ್ಗಬಾರದು, ಜಾರಬೇಕು ಇಲ್ಲ ಸುತ್ತಿ ಹೋಗಬೇಕು, ಅಷ್ಟೇ ಇರುವುದು. ಸುತ್ತಿದರೆ ಮತ್ತೆ ಆ ಮೂರು ಅಡಿ ನೆನಪಿರಲಿ.

ಇನ್ನು ಮೂರನೇ ಬೇಸ್ ತುಳಿಯದವನನ್ನು ಔಟ್ ಮಾಡಿಸುವುದು ಹೇಗೆ ಅಂತ ನಿಮ್ಮ ಕೋಚ್‌ಗೆ ಹೇಳಿ. ಬೆಂಚಿನಿಂದ ಕೂಗಿದರೆ ಅದು ಅಪೀಲ್ ಅಲ್ಲ. ಆಟ ನಡೆಯುತ್ತಿದ್ದರೆ ಯಾರಾದರೂ ಚೆಂಡು ಹಿಡಿದು ಆ ಬೇಸ್ ತುಳಿದು ಅಂಪೈರ್‌ಗೆ ಹೇಳಿದರೆ ಸಾಕು. ಟೈಮ್ ಔಟ್ ಆಗಿದ್ದರೆ ಮೊದಲು ಪಿಚರ್ ಚೆಂಡು ಹಿಡಿದು ತನ್ನ ಜಾಗದ ರಬ್ಬರ್ ಪಟ್ಟಿ ಮೇಲೆ ನಿಲ್ಲಬೇಕು, ಅಂಪೈರ್ "ಪ್ಲೇ" ಅನ್ನಬೇಕು. ಆಮೇಲೆ ಪಟ್ಟಿಯಿಂದ ಹಿಂದಕ್ಕೆ ಇಳಿದು ಮೂರನೇ ಬೇಸ್‌ಗೆ ಮೆಲ್ಲಗೆ ಎಸೆಯಲಿ. ಜೋರಾಗಿ ಎಸೆದು ಚೆಂಡು ಬೇಲಿ ಆಚೆ ಹೋದರೆ ಕೇಳುವ ಹಕ್ಕೇ ಹೋಗುತ್ತದೆ. ಇದೆಲ್ಲ ಮುಂದಿನ ಪಿಚ್ ಹಾಕುವ ಮೊದಲು ಆಗಬೇಕು. ಅಲ್ಲಿ ನಿಂತ ಹುಡುಗ ಬೇಸ್ ಮೇಲೆ ಕಾಲಿಟ್ಟು, ಯಾವ ರನ್ನರ್, ಯಾವ ಬೇಸ್ ಅಂತ ಬಾಯಿಬಿಟ್ಟು ಹೇಳಲಿ. ಅವನ ದನಿ ನಡುಗಿದರೂ ಪರವಾಗಿಲ್ಲ. ಆ ಕಡೆ ನಿಂತ ಅಂಪೈರ್ ಇದನ್ನೇ ಕಾಯುತ್ತಿರುತ್ತಾರೆ.